ಹಸಿರು ಕಕ್ಕಿದ ಕೂಸು

ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಮಗು ಕಕ್ಕಿದ್ದಕ್ಕಲ್ಲ, ಕೂಸೆಂದ ಮೇಲೆ ಕಕ್ಕುತ್ತದೆ. ನಮ್ಮ ಅತ್ತೆಮನೆಯವರು ಆಡಿದ ಆಟಕ್ಕೆ.

ಎರಡನೇ ಮಹಾಯುದ್ಧದ ಕಾಲ. ತಾಯಿಯಿಲ್ಲದ ನನಗೆ ಬಾಣಂತನವೂ ಪೂರಿಗಾಲಿಯ ಅತ್ತೆಮನೆಯಲ್ಲೇ ಆಯಿತು. ಗಂಡುಮಗು. ಹುಟ್ಟಿದ ವಾರದೊಳಗೆ ಒಂದು ಬೆಳಿಗ್ಗೆ ಕುಡಿದ ಹಾಲನ್ನೆಲ್ಲ ಕಕ್ಕಿತು. ಹಿಂದೆಯೇ ಕಡು ಹಸಿರು ನೀರು ಬಂತು. ಅತ್ತೆ ಒರೆಸಿದ ಬಟ್ಟೆಯನ್ನು ಮೂಸಿ ನೋಡಿ ನನ್ನ ಕಡೆ ತಿರುಗಿದರು.

"ಸೊಪ್ ತಿಂದಿದ್ದೀಯ ಕಣೇ! ಕದ್ದು ತಿಂದಿದ್ದೀಯ!"

ಬಾಣಂತಿಗೆ ಸೊಪ್ಪು ಶೀತವೆಂದು ನಮ್ಮ ಮನೆಯಲ್ಲಿ ಕೊಡುತ್ತಿರಲಿಲ್ಲ. ನಾನು ಕಂಡಿದ್ದು ಬರೀ ಅನ್ನ, ಮೆಣಸಿನ ಸಾರು. "ಇಲ್ಲ ಅತ್ತೆ, ನನ್ನಾಣೆಗೂ ಇಲ್ಲ" ಎಂದೆ. ಕೇಳಿದರೆ ತಾನೆ! ಬಾಯಿ ತೆಗೆಸಿ ಹಲ್ಲಿನ ಸಂದಿಯಲ್ಲಿ ಬೆರಳಾಡಿಸಿ ಸೊಪ್ಪು ಹುಡುಕಿದರು, ಅದೂ ವಾಂತಿ ಒರೆಸಿದ ಬೆರಳಲ್ಲಿ. ಥೂ! ಅಕ್ಕಪಕ್ಕದವರೂ ಬಂದು ಒಬ್ಬೊಬ್ಬರಾಗಿ ಬಟ್ಟೆ ಮೂಸಿದರು. ಒಬ್ಬಳು ದಂಟು ಎಂದಳು, ಇನ್ನೊಬ್ಬಳು ನುಗ್ಗೆಸೊಪ್ಪು ಎಂದಳು. ನನ್ನ ಗಂಡ ಅನ್ನಿಸಿಕೊಂಡವರು ಜಗಲಿಯ ಮೇಲೆ ಬೀಡಿ ಸೇದುತ್ತ ಕೂತಿದ್ದರು.

ನನ್ನ ಹಾಲು ಕೆಟ್ಟಿದೆಯೆಂದು ಕತ್ತೆಹಾಲು ತಂದು ಕುಡಿಸಿದರು. ಹೊಟ್ಟೆ ತೊಳೆಯಲೆಂದು ಹರಳೆಣ್ಣೆ ಹುಯ್ದರು. ಹಾಕಿದ್ದೆಲ್ಲ ಹಸಿರಾಗಿ ಬಾಯಲ್ಲೇ ಬಂತು, ಕೆಳಗೆ ಏನೂ ಹೋಗಲಿಲ್ಲ. ಮಾರನೆಯ ದಿನ ಹೊಟ್ಟೆ ತಮಟೆಯಂತೆ ಬಿಗಿದಿತ್ತು, ಕೂಸಿಗೆ ಅಳಲೂ ತ್ರಾಣವಿರಲಿಲ್ಲ. ಮಗುವನ್ನೆತ್ತಿಕೊಂಡು ನಾನೇ ಬೀದಿಗಿಳಿದೆ. ಹಸಿ ಬಾಣಂತಿ ಬೀದಿಗೆ ಬಂದರೆ ಮಾನ ಹೋಗುತ್ತದಲ್ಲ, ಆಗ ಗಾಡಿ ಕಟ್ಟಿದರು. ಅತ್ತೆಯೂ ಹತ್ತಿದರು.

"ಇವ್ಳು ಸೊಪ್ ತಿಂದವ್ಳೆ ಸಾಮಿ" ಎಂದು ಮಳವಳ್ಳಿಯ ಡಾಕ್ಟರಿಗೂ ದೂರು ಕೊಟ್ಟರು.

ಡಾಕ್ಟರು ರೇಗಿದರು. "ತಾಯಿ ತಿಂದ ಸೊಪ್ಪು ಮಗುವಿನ ಬಾಯಲ್ಲಿ ಬರುತ್ತೇನಮ್ಮ? ಇದು ಪಿತ್ತ. ಕರುಳು ತಿರುಚಿಕೊಂಡು ದಾರಿ ಮುಚ್ಚಿದೆ. ಹಸಿರು ಕಂಡ ಕೂಡಲೇ ತರಬೇಕಿತ್ತು." ಮೂಗಿನಿಂದ ಸಣ್ಣ ರಬ್ಬರ್ ಕೊಳವೆ ಇಳಿಸಿ ಹಸಿರು ನೀರು ಹೊರಗೆಳೆದರು. "ಬಾಯಿಗೆ ಒಂದು ತೊಟ್ಟೂ ಹಾಕಬೇಡಿ. ಮೈಸೂರಿಗೆ ಹೊರಡಿ, ಕುಯ್ದು ಬಿಡಿಸಿದರೆ ಉಳಿದೀತು" ಎಂದು ಬಸ್ಸು ಹತ್ತಿಸಿದರು.

ಯುದ್ಧದಿಂದ ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಅದು, ಏರು ಬಂದರೆ ಏದುಸಿರು ಬಿಡುತ್ತಿತ್ತು. ಕಿರುಗಾವಲು ದಾಟುವಷ್ಟರಲ್ಲಿ ಮಗು ನನ್ನ ಮಡಿಲಲ್ಲೇ ತಣ್ಣಗಾಯಿತು.

ಗಂಡಸರು ಮಣ್ಣು ಮಾಡಿ ಬಂದರು. ಮಾರನೆಯ ದಿನ ಅತ್ತೆ ನನ್ನ ಮುಂದೆ ತಟ್ಟೆಯಿಟ್ಟರು: ಮುದ್ದೆ, ದಂಟಿನ ಸೊಪ್ಪಿನ ಸಾರು. ತಲೆ ಸವರಿ ಹೇಳಿದರು, "ಉಣ್ಣು ಕಣಮ್ಮ. ಇನ್ಯಾರ್ಗೋಸ್ಕರ ಪತ್ಯ? ಆಸೆಯಾಗೇ ತಾನೆ ಕದ್ದಿದ್ದು, ಒಟ್ಟೆ ತುಂಬ ಉಣ್ಣು."

ಅವರ ಕಣ್ಣಲ್ಲಿ ನೀರಿತ್ತು, ನಿಜವಾದ ನೀರು. ನಾನು ಎದ್ದು ತಟ್ಟೆಯನ್ನು ಬಚ್ಚಲಿಗೆ ಸುರಿದೆ.