ತಿರುವಿನಲ್ಲಿ ಹಾಕಿದ್ದ ಆಲದ ಸೊಪ್ಪು

ಎಂಬತ್ತೆರಡೋ ಎಂಬತ್ತಮೂರೋ ಇರಬೇಕು. ಜೆ.ಪಿ. ನಗರದಲ್ಲಿ ಎಲ್ಲಿ ನೋಡಿದರೂ ಪಾಯ ತೋಡುತ್ತಿದ್ದ ಕಾಲ. ಕನಕಪುರ ರಸ್ತೆ ಕಡೆಯ ಕ್ವಾರಿಯಿಂದ ನಾನು ಅಲ್ಲಿಗೆ ಲಾರಿಯಲ್ಲಿ ಪಾಯದ ಸೈಜುಗಲ್ಲು ಹೊಡೆಯುತ್ತಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಲಾರಿ ನನ್ನದೇ, ದುಡಿಮೆಯೂ ನನ್ನದೇ. ಇವತ್ತು ಆ ಕಡೆ ನಿಂತಿರುವ ಎಷ್ಟೋ ಮನೆಗಳ ಅಡಿಯಲ್ಲಿ ನಾನು ತಂದ ಕಲ್ಲಿದೆ ಅಂತ ಈಗಲೂ ತಲೆ ಎತ್ತಿ ಹೇಳುತ್ತೇನೆ.

ಅವತ್ತು ಮಧ್ಯಾಹ್ನ ಊಟದ ಹೊತ್ತು. ಕ್ಲೀನರ್ ಊರಿಗೆ ಹೋಗಿದ್ದರಿಂದ ನಾನೊಬ್ಬನೇ ಲೋಡ್ ತರುತ್ತಿದ್ದೆ. ಸಾರಕ್ಕಿಗೆ ಸ್ವಲ್ಪ ಮೊದಲು, ಆಲದ ಮರಗಳ ತಿರುವಿನಲ್ಲಿ, ಎದುರುಗಡೆಯಿಂದ ಬಂದಿದ್ದ ಮರಳು ಲಾರಿಯೊಂದು ಮಗುಚಿಕೊಂಡಿತ್ತು. ಅದರ ಪಕ್ಕದ ಹಲಗೆಯ ಕೆಳಗೆ ಒಂದು ಆಟೋ ಅಪ್ಪಚ್ಚಿ. ಆಟೋ ಡ್ರೈವರಿನ ಎರಡೂ ಕಾಲು ಒಳಗೆ ಸಿಕ್ಕಿಕೊಂಡಿದ್ದವು. ಸುತ್ತ ಜಾತ್ರೆಯ ಹಾಗೆ ಜನ.

"ಹೋಗ್ಬಿಟ್ನಾ?" ಅಂತ ಹಿಂದಿನವನು ಕೇಳಿದರೆ, "ಇಲ್ಲ ಗುರು, ಕಣ್ಣು ಬಿಡ್ತಾ ಇದಾನೆ" ಅಂತ ಮುಂದಿನವನು ಹೇಳುತ್ತಿದ್ದ. ಹತ್ತಿರದ ಮಿಲ್ಲಿನಿಂದ ಯಾರೋ ಆಸ್ಪತ್ರೆಗೆ ಫೋನ್ ಮಾಡಿದ್ದರಂತೆ. ಅಷ್ಟು ಬಿಟ್ಟರೆ ಕೈ ಹಾಕಿದವರಿಲ್ಲ.

ನಾನು ಲಾರಿಯನ್ನು ಈಚೆ ಪಕ್ಕಕ್ಕೆ ಒತ್ತಿ ನಿಲ್ಲಿಸಿ ಜಾಕಿ ಇಳಿಸಿದೆ. ಆದರೆ ಜಾಕಿ ಕೊಡುವ ಮೊದಲು ಇನ್ನೊಂದು ಕೆಲಸವಿತ್ತು. ಗಾಡಿ ರಸ್ತೆಯಲ್ಲಿ ನಿಂತುಹೋದರೆ ಹಿಂದೆ ಸೊಪ್ಪು ಹಾಕುವುದು ನಮ್ಮ ಡ್ರೈವರುಗಳ ಪದ್ಧತಿ. ದಾರಿಯ ಮೇಲೆ ಹಸಿರು ಕೊಂಬೆ ಕಂಡರೆ ಬರುವವನು ಮುಂದೇನೋ ಇದೆ ಅಂತ ತಾನಾಗಿ ನಿಧಾನ ಮಾಡುತ್ತಾನೆ. ಸಿಟಿ ಕಡೆಯಿಂದ ಬರುವ ಗಾಡಿಗಳಿಗೆ ತಿರುವಿನಿಂದಾಗಿ ಮಗುಚಿದ ಲಾರಿ ಕಾಣುವ ಹಾಗೇ ಇರಲಿಲ್ಲ. ತಿರುವಿನಾಚೆ ಓಡಿ, ಕೈಗೆಟುಕಿದ ಆಲದ ಕೊಂಬೆಗಳನ್ನು ಮುರಿದು ರಸ್ತೆಗೆ ಹಾಸಿ ಬಂದೆ.

ಜಾಕಿ ಕೊಡುತ್ತಿರುವಾಗ ಆಂಬುಲೆನ್ಸ್ ವ್ಯಾನ್ ಬಂದು ಮಗುಚಿದ ಲಾರಿಯ ಹಿಂದೆ ನಿಂತಿತು. ಅದರಿಂದ ಇಳಿದ ಅಟೆಂಡರ್ ಹೆಸರು ರುದ್ರಪ್ಪ ಅಂತ ಆಮೇಲೆ ಗೊತ್ತಾಯಿತು. ಸಣ್ಣಗೆ, ಕಡ್ಡಿಯ ಹಾಗಿದ್ದ ಮನುಷ್ಯ. ಆಟೋದವನ ನಾಡಿ ಹಿಡಿದುಕೊಂಡೇ ರಸ್ತೆಯ ಕಡೆ ನೋಡಿದರು.

"ಅಣ್ಣ, ಹಿಂದೆ ಏನಾದ್ರೂ ಅಡ್ಡ ಹಾಕಿದೀರಾ? ಈ ತಿರುವು ನಂಬಂಗಿಲ್ಲ."

"ಸೊಪ್ಪು ಹಾಕಿದೀನಿ ಸಾರ್. ನೀವು ಧೈರ್ಯವಾಗಿ ಕೆಲಸ ಮಾಡಿ" ಅಂದೆ.

ಅವರು ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ.

ಮರಳಿನ ಭಾರಕ್ಕೆ ಜಾಕಿ ಎರಡು ಸಲ ಜಾರಿತು. ಮಣ್ಣು ಕೆದಕಿ, ಅಡಿಗೆ ನನ್ನ ಸೈಜುಗಲ್ಲನ್ನೇ ಕೊಟ್ಟು ಮತ್ತೆ ಎತ್ತಿದೆ. "ಅವ್ವಾ, ಸಾಕು ಬಿಡಿ" ಅಂತ ಅಳುತ್ತಿದ್ದ ಆಟೋದವನಿಗೆ ರುದ್ರಪ್ಪ, "ಸುಮ್ನಿರೋ ಮಗಾ, ನಿನ್ನ ಕಾಲು ಮನೆಗೆ ತಗೊಂಡು ಹೋಗೋದು ಬೇಡ್ವಾ?" ಅಂತ ಗದರುತ್ತಿದ್ದರು. ಕೊನೆಗೆ ಹಲಗೆ ಒಂದು ಗೇಣು ಮೇಲೆದ್ದಿತು. ಅವನನ್ನು ಎಳೆದು ಸ್ಟ್ರೆಚರ್ ಮೇಲೆ ಮಲಗಿಸಿ ವ್ಯಾನಿನೊಳಗೆ ತಳ್ಳಿದರು. ರುದ್ರಪ್ಪ ಹಿಂಬದಿಯ ಬಾಗಿಲು ಹಾಕುತ್ತಿದ್ದರು.

ಆಗ ತಿರುವಿನಿಂದ ಒಂದು ಮೆಟಡೋರ್ ಬಂತು. ವೇಗ ಕಡಿಮೆಯೇ ಆಗಿರಲಿಲ್ಲ. ಡ್ರೈವರ್ ಬ್ರೇಕ್ ತುಳಿದ, ಆದರೆ ಚೆಲ್ಲಿದ್ದ ಮರಳಿನ ಮೇಲೆ ಗಾಡಿ ಜಾರಿ ಬಂದು ರುದ್ರಪ್ಪನವರನ್ನು ಬಾಗಿಲಿಗೆ ಒತ್ತಿಬಿಟ್ಟಿತು. ನಾನಿನ್ನೂ ಜಾಕಿ ಹಿಡಿದುಕೊಂಡು ಕೂತಿದ್ದೆ.

ಅವರನ್ನೂ ಅದೇ ವ್ಯಾನಿಗೆ ಹತ್ತಿಸಿ ಕಳಿಸಿದ ಮೇಲೆ ತಿರುವಿನಾಚೆ ಓಡಿ ನೋಡಿದೆ. ರಸ್ತೆ ಬೋಳಾಗಿತ್ತು. ಕೊಂಬೆಗಳು ಪಕ್ಕದ ಹಳ್ಳದಲ್ಲಿದ್ದವು, ಆಡುಗಳು ಸೊಪ್ಪು ತಿನ್ನುತ್ತಿದ್ದವು. ಸಾರಕ್ಕಿಯ ಮುನಿಯಮ್ಮ ಕೋಲು ಹಿಡಿದು ನಿಂತಿದ್ದಳು. ಹೊಲ ಲೇಔಟಿಗೆ ಹೋದ ಮೇಲೆ ಆಡು ಮೇಯಿಸಿಕೊಂಡಿದ್ದ ಮುದುಕಿ. ದಿನಾ ಆ ದಾರಿಯಲ್ಲಿ ಕಾಣುತ್ತಿದ್ದಳು.

"ಇದನ್ನ ಯಾಕಮ್ಮ ಎಳ್ದೆ?" ಅಂದೆ.

"ಇಲ್ಲಿಂದ ಯಾವ ಗಾಡಿನೂ ಕಾಣ್ಲಿಲ್ಲ, ಯಾವ್ದೋ ಲಾರಿ ರಿಪೇರಿ ಆಗಿ ಹೋಗಿರ್ಬೇಕು ಅಂದ್ಕೊಂಡೆ ಕಣಪ್ಪ. ನೀವು ಸೊಪ್ಪು ಹಾಕ್ತೀರಿ, ಎತ್ತಲ್ಲ. ಯಾವಾಗ್ಲೂ ನಾನೇ ತಾನೆ ಎಳ್ದು ಹಾಕೋದು. ಯಾಕೆ, ಏನಾಯ್ತು?"

ಬೈಯಲು ಹೋದವನು ನಡೆದದ್ದನ್ನಷ್ಟೇ ಹೇಳಿದೆ. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಗಾಡಿ ಸ್ಟಾರ್ಟ್ ಆದರೆ ಸಾಕು ಅಂತ ಸೊಪ್ಪು, ಕಲ್ಲು ಎಲ್ಲವನ್ನೂ ದಾರಿಯಲ್ಲೇ ಬಿಟ್ಟು ಹೋಗುವುದು ನಮ್ಮೆಲ್ಲರ ರೂಢಿ. ಆಡು ಅಷ್ಟಾಗಿ ಮುಟ್ಟದ ಹೊಂಗೆಯ ಮರವೂ ಅಲ್ಲೇ ಸ್ವಲ್ಪ ಮುಂದಿತ್ತು, ನಾನು ಕೈಗೆಟುಕಿದ ಆಲವನ್ನೇ ಮುರಿದಿದ್ದೆ.

ವಾರ ಬಿಟ್ಟು ಆಸ್ಪತ್ರೆಗೆ ಹೋದೆ. ರುದ್ರಪ್ಪನವರ ಬಲಗಾಲು ಮಂಡಿಯ ಕೆಳಗೆ ಇರಲಿಲ್ಲ.

"ಆಟೋದವನು ಹೇಗಿದಾನೆ?" ಅಂತ ಅವರೇ ಮೊದಲು ಕೇಳಿದರು.

"ಎರಡೂ ಕಾಲು ಉಳೀತಂತೆ ಸಾರ್. ನಡೀತಾನಂತೆ."

"ಎರಡು ತಗೊಂಡು ಒಂದು ಕೊಟ್ಟಿದೀನಿ. ವ್ಯಾಪಾರ ಲಾಸ್ ಇಲ್ಲ ಬಿಡಿ" ಅಂದು ನಕ್ಕರು. ಗೋಡೆಯ ಕಡೆ ಕೂತಿದ್ದ ಅವರ ಹೆಂಡತಿ ನಗಲಿಲ್ಲ.

ಸೊಪ್ಪಿನ ವಿಷಯ ಹೇಳಿದೆ. "ನೀವು ಹಾಕಿದ್ರಲ್ಲ" ಅಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಮುಂದೆ ಅವರಿಗೆ ಆಸ್ಪತ್ರೆಯಲ್ಲೇ ಚೀಟಿ ಕೊಡುವ ಕೆಲಸವಾಯಿತು. ಆಂಬುಲೆನ್ಸ್ ಹೊರಟ ಶಬ್ದ ಕೇಳಿದರೆ ಅವರ ಕೈ ಒಂದು ಕ್ಷಣ ನಿಲ್ಲುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಆಮೇಲೆ ಎಲ್ಲಿ ಗಾಡಿ ಕೆಟ್ಟರೂ ಹೊರಡುವ ಮೊದಲು ಸೊಪ್ಪು, ಕಲ್ಲು ಎತ್ತಿ ಹಾಕಿಯೇ ಹೊರಡುತ್ತಿದ್ದೆ. "ಏನಣ್ಣ, ಮನೆಗೆ ತೋರಣ ಕಟ್ಟೋಕಾ?" ಅಂತ ಬೇರೆ ಡ್ರೈವರುಗಳು ಆಡಿಕೊಂಡರು.

ಮರುವರ್ಷ ಅದೇ ರಸ್ತೆಯಲ್ಲಿ ನನ್ನ ಲಾರಿಯ ಆಕ್ಸಲ್ ಮುರಿಯಿತು. ಹಿಂದೆ ಹೊಂಗೆ ಸೊಪ್ಪು ಹಾಕಿ ಮೆಕ್ಯಾನಿಕ್ಕನ್ನು ಕರೆತರಲು ಹೋದೆ. ತಿರುಗಿ ಬಂದಾಗ ಸೊಪ್ಪಿನ ಪಕ್ಕದಲ್ಲಿ, ರಸ್ತೆಯಂಚಿನ ಕಲ್ಲಿನ ಮೇಲೆ, ಮುನಿಯಮ್ಮ ಕೂತಿದ್ದಳು. ಆಡುಗಳನ್ನು ದೂರದ ಮರಕ್ಕೆ ಕಟ್ಟಿದ್ದಳು. ಲಾರಿಗೆ ಬೆನ್ನು ಮಾಡಿ, ಬರುವ ಗಾಡಿಗಳ ಕಡೆಗೆ ಮುಖ ಮಾಡಿ, ಒಂದೊಂದು ಗಾಡಿಗೂ ಕೋಲು ಎತ್ತಿ ತೋರಿಸುತ್ತಿದ್ದಳು.

"ಬಿಸಿಲಲ್ಲಿ ಯಾಕಮ್ಮ ಕೂತಿದೀಯ? ಏಳು" ಅಂದೆ.

"ನೀನು ಹೋಗಿ ಗಾಡಿ ನೋಡ್ಕೊಳಪ್ಪ. ಇಲ್ಲಿ ನಾನಿದೀನಿ" ಅಂದಳು. ನನ್ನ ಕಡೆ ತಿರುಗಲಿಲ್ಲ.

ಈಗ ಆ ತಿರುವೂ ಇಲ್ಲ, ಆಲದ ಮರಗಳೂ ಇಲ್ಲ. ಆದರೂ ಆ ಕಡೆ ಹೋದಾಗಲೆಲ್ಲ ಅನ್ನಿಸುತ್ತದೆ. ಅವತ್ತು ಅಷ್ಟೊಂದು ಜನ ನಿಂತಿದ್ದರು. ಎಲ್ಲರ ಮುಖವೂ ಮಗುಚಿದ ಲಾರಿಯ ಕಡೆಗೇ ಇತ್ತು. ಅವರಲ್ಲಿ ಒಬ್ಬರು ಈ ಮುದುಕಿಯ ಹಾಗೆ ಬರುವ ಗಾಡಿಗಳ ಕಡೆ ತಿರುಗಿ ಕೂತಿದ್ದರೆ ಸಾಕಿತ್ತು.