ಮುಗಿಯದ ಪಥ್ಯ

ಈ ಬೆಳಿಗ್ಗೆ ಯಾರದೋ ಅಡುಗೆಮನೆಯಿಂದ ಬೆಳ್ಳುಳ್ಳಿ ಹಾಕಿದ ನುಚ್ಚಿನ ಗಂಜಿ ಕುದಿಯುವ ವಾಸನೆ ಬಂತು. ಹಸಿವಾಗಬೇಕಿತ್ತು; ಪಕ್ಕದ ಮನೆಯ ಅಜ್ಜಿ ನೆನಪಾದರು...

ಕೊಯಮತ್ತೂರಿನ ಹತ್ತಿರದ ಕಾರಮಡೈ ಊರಿನ ನಮ್ಮ ಬೀದಿಯಲ್ಲಿ ಪಥ್ಯದ ವಿಷಯಕ್ಕೆ ಅಜ್ಜಿಯೇ ಸರ್ವೋಚ್ಚ ನ್ಯಾಯಾಲಯ. ಕೆಮ್ಮಿದವನಿಗೆ ಮೊಸರು ನಿಷೇಧ, ಸೀನಿದವನಿಗೆ ಬಾಳೆಹಣ್ಣು ನಿಷೇಧ; ಮೇಲ್ಮನವಿಗೆ ಅವಕಾಶವಿರಲಿಲ್ಲ. ನನಗೊಮ್ಮೆ ನೆಗಡಿಯಾದಾಗ ವಾರವಿಡೀ ಮೆಣಸಿನ ಸಾರು ಕುಡಿಸಿ, ಕಾಯಿಲೆಯೇ ಮೇಲು ಅನ್ನಿಸಿಬಿಟ್ಟಿದ್ದರು.

ಅಜ್ಜಿಯ ಮಗ ಸೊಸೆ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ದುಡಿಯುತ್ತಿದ್ದರು. ಪುಟ್ಟ ಮೊಮ್ಮಗಳು ಅಜ್ಜಿಯ ಬಳಿ. ಆ ಮಗುವಿಗೆ ಆಗಾಗ ಜ್ವರ, ಕೈಕಾಲು ನೋವು. ಬಂದಾಗಲೆಲ್ಲ ಮೊಟ್ಟೆ, ಹಾಲು, ಕಡಲೆಕಾಯಿ ನಿಂತು ನೀರುಗಂಜಿ. ಜ್ವರ ಬಿಟ್ಟ ಮೇಲೂ, ಮತ್ತೆ ತಿರುಗಿಕೊಂಡೀತೆಂದು ಇನ್ನಷ್ಟು ದಿನ ಅದೇ. ಅಷ್ಟರಲ್ಲಿ ಮುಂದಿನ ಜ್ವರ... ಆ ಪಥ್ಯ ಮುಗಿದದ್ದನ್ನು ನಾನು ಕಾಣೆ.

ಒಂದು ದೀಪಾವಳಿಗೆ ಮಗು ಹಿಂದಿನ ವರ್ಷದ ಗೌನನ್ನೇ ಹಾಕಿಕೊಂಡು ಬಂತು.

"ನೋಡು ಕಣಮ್ಮ, ಹೋದ ವರ್ಸದ್ದೇ ಇನ್ನೂ ಸರಿಯಾಗೈತೆ. ನಿನ್ನ ಮಗಂಗೆ ವರ್ಸಕ್ಕೆ ಎರಡು ಸಲ ಹೊಲಿಸಬೇಕು" ಎಂದು ಅಜ್ಜಿ ನನ್ನ ಹೆಂಡತಿಯನ್ನು ಚುಚ್ಚಿದರು. ಎಲ್ಲರೂ ನಕ್ಕೆವು. ಹೆಂಡತಿ ನಗಲಿಲ್ಲ. ಗೌನು ಮಗುವಿನ ಭುಜದಿಂದ ಜಾರುತ್ತಿತ್ತು.

ಹೆಂಡತಿಯ ಹಟಕ್ಕೆ ಮಗುವನ್ನೂ ಅಜ್ಜಿಯನ್ನೂ ಕೊಯಮತ್ತೂರಿನ ಆಸ್ಪತ್ರೆಗೆ ಕರೆದೊಯ್ದೆವು. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ, ಇದು ರಕ್ತದ ಕಣಗಳು ಕುಡುಗೋಲಿನಂತೆ ಬಾಗುವ, ಹುಟ್ಟಿನಿಂದಲೇ ಬಂದ ಕಾಯಿಲೆ ಎಂದರು. ಇಂಥ ಮಗು ಸುಮ್ಮನೆ ಮಲಗಿದ್ದರೂ ಮೈ ತಿಂದದ್ದನ್ನೆಲ್ಲ ಖರ್ಚು ಮಾಡಿಬಿಡುತ್ತದೆ; ಬೇರೆ ಮಕ್ಕಳಿಗಿಂತ ಹೆಚ್ಚು ಊಟ ಬೇಕು, ನೀರು ಬೇಕು, ಜ್ವರದಲ್ಲೂ ಊಟ ಕಡಿಮೆ ಮಾಡಬಾರದು ಎಂದು ತಮಿಳಿನಲ್ಲಿ ಬಿಡಿಸಿ ಹೇಳಿದರು. ಬಸ್ಸಿನಲ್ಲಿ ಅಜ್ಜಿ ಮೊಟ್ಟೆ, ಹಾಲು, ಕಡಲೆಕಾಯಿ ಎಂದು ಒಂದೊಂದೇ ಬೆರಳು ಮಡಚುತ್ತ ಕೂತರು. ನ್ಯಾಯಾಲಯ ತನ್ನ ತೀರ್ಪುಗಳನ್ನು ತಾನೇ ಓದಿಕೊಳ್ಳುತ್ತಿತ್ತು.

ಮನೆಗೆ ಬಂದವರೇ ಮೊಟ್ಟೆ ಬೇಯಿಸಿ, ಅನ್ನಕ್ಕೆ ತುಪ್ಪ ಕಲಸಿ ತುತ್ತು ಹಿಡಿದರು. ಮಗು ಬಾಯಿ ಬಿಗಿಹಿಡಿಯಿತು.

"ಬ್ಯಾಡ ಅಜ್ಜಿ. ನಂಗೆ ಪಥ್ಯ."

ಅಷ್ಟು ಚೆನ್ನಾಗಿ ಕಲಿಸಿದ್ದರು.

ಆಮೇಲೆ ಬಟ್ಟಲು ಹಿಡಿದು ಬೀದಿಯ ತುದಿಯವರೆಗೂ ಮಗುವಿನ ಹಿಂದೆ ಅಲೆದರು, ಬೇಡಿಕೊಂಡರು. ಮಗು ಒಂದೊಂದೇ ತುತ್ತು ನುಂಗಲು ಶುರುಮಾಡಿತ್ತು... ಅಷ್ಟರಲ್ಲಿ ಮಳೆಗಾಲದ ಜ್ವರ ಬಂತು. ಅದನ್ನು ತಡೆಯಲು ಆ ಮೈಯಲ್ಲಿ ಏನೂ ಉಳಿದಿರಲಿಲ್ಲ.

ಅಜ್ಜಿಯೂ ಹೋಗಿ ವರ್ಷಗಳಾದವು. ಕೊನೆಯವರೆಗೂ ಮತ್ತೆ ಯಾರಿಗೂ ಪಥ್ಯ ಹೇಳಲಿಲ್ಲ. ಕೇಳಿದರೆ "ಏನಾದ್ರೂ ತಿನ್ನು ಸಾಮಿ" ಎನ್ನುತ್ತಿದ್ದರು. ಈಗ ಆ ಮನೆಯಲ್ಲಿ ಬೇರೆ ಸಂಸಾರ. ಅವರ ಮಗು ಇನ್ನಷ್ಟು ಅನ್ನ ಹಾಕು ಎಂದು ತಟ್ಟೆ ಬಡಿಯುತ್ತದೆ. ಬೀದಿಗೆಲ್ಲ ಅದು ಗಲಾಟೆ. ನಾನು ಕಿಟಕಿ ಮುಚ್ಚುವುದಿಲ್ಲ.