ಗೊರಕೆ ನಿಂತ ಸಂಭ್ರಮ

ಕಳೆದ ಭಾನುವಾರ ನಮ್ಮ ಅಕ್ಕ, ಗಂಡನ ಪ್ರಾಣ ಕಾಯುವ ಮಷೀನನ್ನು ಕಪಾಟಿನ ಸೀರೆಗಳ ಅಡಿಯಲ್ಲಿ ಸಕಲ ಗೌರವಗಳೊಂದಿಗೆ ಹೂತಿಟ್ಟಳು.

ಭಾವನವರಿಗೆ ಸ್ಲೀಪ್ ಅಪ್ನಿಯಾ. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲುತ್ತದೆ, ಗಕ್ಕನೆ ಮತ್ತೆ ಶುರುವಾಗುತ್ತದೆ. ಪ್ರತಿ ಸಲವೂ ಪೆಟ್ಟು ಹೃದಯಕ್ಕೆ. ಬಿ.ಪಿ. ಏರಿದೆ, ಎದೆಬಡಿತ ತಾಳ ತಪ್ಪಿದೆ. ಮೂಗಿಗೆ ಮಾಸ್ಕ್ ಹಾಕಿ ಗಾಳಿ ಒತ್ತುವ ಈ ಮಷೀನಿಲ್ಲದೆ ಹಗಲು ಕೂಡ ಮಲಗಬೇಡಿ ಎಂದಿದ್ದಾರೆ ಡಾಕ್ಟರು.

ಆದರೆ ಅಂದು ಹಿಂದವಾಡಿಯ ಅವರ ಮನೆಗೆ ಖಾನಾಪುರದಿಂದ ಬೀಗರಾಗುವವರು ಅಕ್ಕನ ಮಗಳ ಮದುವೆಯ ಮಾತು ಪಕ್ಕಾ ಮಾಡಲು ಬರುವವರಿದ್ದರು.

“ಮೂಗಿಗೆ ಪೈಪ್ ಹಾಕ್ಕೊಳ್ಳೋ ಅಪ್ಪನ ಮಗಳನ್ನ ಯಾರ್ ತಗೋತಾರೋ ತಮ್ಮಾ?”

“ಹಾರ್ಟಿನ ಪ್ರಶ್ನಿ ಐತಿ ಅಕ್ಕಾ.”

“ಸುಮ್ನಿರು. ಗೊರಕಿ ಹೊಡದ್ರ ಯಾರೂ ಏನೂ ಅನ್ನೂದಿಲ್ಲ. ಮಷೀನ್ ಕಂಡ್ರ ರೋಗ ಅಂತಾರ.”

(ರೋಗ ಇದ್ದರೆ ನಡೆಯುತ್ತದೆ, ಚಿಕಿತ್ಸೆ ಕಾಣಬಾರದು. ಎಂಥ ಘನವಾದ ತತ್ತ್ವ!)

ಹೋಳಿಗೆ ಊಟ ಮುಗಿಸಿ ಗಂಡಸರೆಲ್ಲ ಪಡಸಾಲೆಯ ಜಮಖಾನದ ಮೇಲೆ ಅಡ್ಡಾದೆವು. ಭಾವನವರ ಗೊರಕೆ ಎದ್ದಿತು.

“ನಿಮ್ಮ ಮನಿಯವರದು ನಿಶ್ಚಿಂತಿ ನಿದ್ದಿ ಬಿಡ್ರಿ,” ವರನ ತಂದೆ ಮೆಚ್ಚಿಕೊಂಡರು. “ನಮಗೆಲ್ಲಿ ಬರಬೇಕು?”

ಅಷ್ಟರಲ್ಲಿ ಗೊರಕೆ ನಿಂತಿತು.

“ಈಗ ಶಾಂತ ಆದ್ರು ನೋಡ್ರಿ,” ಎಂದಳು ಅಕ್ಕ. ಪಡಸಾಲೆಯ ತುಂಬ ಸಂತೃಪ್ತಿ. ಶಾಂತವಾದದ್ದು ಉಸಿರು ಎಂದು ಯಾರಿಗಾದರೂ ಹೊಳೆಯಬೇಕೇ? ಎದೆ ಒದ್ದಾಡುತ್ತಿದೆ, ಒಳಗೆ ಗಾಳಿಯಿಲ್ಲ. ತುಟಿ ಕಪ್ಪಾಗುತ್ತಿದೆ. ನಾನು ಭುಜ ಹಿಡಿದು ಜೋರಾಗಿ ಅಲುಗಾಡಿಸಿದೆ. ನೀರಲ್ಲಿ ಮುಳುಗಿದ್ದವರಂತೆ ಉಸಿರೆಳೆದು ಎದ್ದು ಕೂತರು. ಮೈಯೆಲ್ಲ ಬೆವರು, ಕೈ ಎದೆಯ ಮೇಲೆ.

“ಯಾಕ ಎಬ್ಬಿಸಿದ್ಯೋ? ಈಗರೆ ಚಂದಂಗ ಮಕ್ಕೊಂಡಿದ್ರು.”

ಬೀಗರೂ ನನ್ನನ್ನು, ಪಂಕ್ತಿಯ ನಡುವೆ ಎದ್ದು ಕೈ ತೊಳೆದವನನ್ನು ನೋಡುವಂತೆ ನೋಡಿದರು.

ಚಶ್ಮಾ ಹಾಕಿಕೊಂಡರೆ ನಮ್ಮಲ್ಲಿ ವಿದ್ವಾಂಸ. ಮಾಸ್ಕ್ ಹಾಕಿಕೊಂಡರೆ ಕುಲಕ್ಕೇ ಕಳಂಕ. ಕಣ್ಣು ಸೋತರೆ ಗೌರವ, ಗಂಟಲು ಸೋತರೆ ಅವಮಾನ! ಈ ಶಾಸ್ತ್ರ ಬರೆದ ಮಹಾನುಭಾವ ಯಾರು?

ಸಂಬಂಧವೇನೋ ಕುದುರಿತು. ಇನ್ನು ಬೀಗರು ಬಂದುಹೋಗಿ ಮಾಡುತ್ತಾರೆ, ರಾತ್ರಿ ಉಳಿಯುತ್ತಾರೆ. ಹಾಗಾಗಿ ಮದುವೆ ಮುಗಿಯುವತನಕ ಮಷೀನು ಕಪಾಟಿನಿಂದ ಹೊರಗೆ ಬರುವುದಿಲ್ಲವಂತೆ. ಇದಕ್ಕೆ ಭಾವನವರೂ ತಲೆಯಾಡಿಸಿದ್ದಾರೆ.

ಸರಿ, ಮದುಮಕ್ಕಳ ತಲೆಗೆ ಅಕ್ಕಿಕಾಳು ಬೀಳುವತನಕ ತಡಿ ಅಂತ ಭಾವನವರ ಹೃದಯಕ್ಕೆ ಹೇಳುವವರು ಯಾರು?